ಚೀಟಿಯಲ್ಲಿ ನೂರ ಹದಿನೆಂಟು

ಜೋಡಿ ಮಾವನಿಗೆ ಅಳಿಯನ ಮೇಲೆ ಅನುಮಾನ ಹುಟ್ಟಿದ್ದು ಒಂದು ಸೋಮವಾರ, ಮಧ್ಯಾಹ್ನ ಹನ್ನೆರಡೂಕಾಲಿಗೆ. ಅಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಎಂದು ಕೇಳಬೇಡಿ. ಅನುಮಾನ ಹಲ್ಲುನೋವಿದ್ದ ಹಾಗೆ, ಶುರುವಾದ ಗಳಿಗೆ ಅನುಭವಿಸಿದವರಿಗೆ ಮರೆಯುವುದಿಲ್ಲ.

ಮಾವ ಆಂಪ್ಲಿಫೈಯರ್ ಕಟ್ಟುವವರು. ಶಾಲೆಯ ಸಭಾಂಗಣ, ನಾಟಕದ ಮಂದಿರ, ಬಸ್ ನಿಲ್ದಾಣ, ಎಲ್ಲಿ ಒಬ್ಬರು ಮಾತಾಡಿದ್ದು ನೂರು ಜನಕ್ಕೆ ಕೇಳಬೇಕೋ ಅಲ್ಲಿಗೆಲ್ಲ ಅವರ ಪೆಟ್ಟಿಗೆ ಹೋಗುತ್ತಿತ್ತು. ಪೆಟ್ಟಿಗೆಯೊಳಗಿನ ಗುಟ್ಟು ಟ್ರಾನ್ಸಿಸ್ಟರ್. ಮೂರು ಕಾಲಿನ, ಬೆರಳ ಉಗುರಿನಷ್ಟು ದೊಡ್ಡ ವಸ್ತು. ಅದರ ಒಂದು ಕಾಲಿಗೆ ಚಿಟಿಕೆಯಷ್ಟು ಕರೆಂಟ್ ಕೊಟ್ಟರೆ ಸಾಕು, ಉಳಿದೆರಡು ಕಾಲುಗಳ ನಡುವೆ ದಾರಿ ಬಿಟ್ಟುಕೊಟ್ಟು ಅದರ ನೂರು ಪಟ್ಟು ಕರೆಂಟ್ ಹರಿಸುತ್ತದೆ. ಮೈಕಿನಿಂದ ಬಂದ ಪಿಸುಮಾತು ಹೀಗೆಯೇ ಸ್ಪೀಕರಿನಲ್ಲಿ ಗುಡುಗಾಗುವುದು. ಎಷ್ಟು ಪಟ್ಟು ಹರಿಸುತ್ತದೆ ಅನ್ನುವ ಸಂಖ್ಯೆಗೆ ಆ ಕಸುಬಿನವರು ಗೇನ್ ಅನ್ನುತ್ತಾರೆ. ಒಂದೇ ಕಾರ್ಖಾನೆ, ಒಂದೇ ಡಬ್ಬಿ, ಮೈಮೇಲೆ ಒಂದೇ ನಂಬರು, ಆದರೂ ಒಂದರ ಗೇನ್ ತೊಂಬತ್ತಿದ್ದರೆ ಪಕ್ಕದ್ದರದು ನೂರ ಇಪ್ಪತ್ತು. ಒಂದೇ ತಾಯಿಯ ಮಕ್ಕಳೆಲ್ಲ ಒಂದೇ ತರಹ ಇರುತ್ತಾರೆಯೇ, ಇದೂ ಹಾಗೆಯೇ.

ಪೆಟ್ಟಿಗೆಯ ಕೊನೆಯ ಹಂತದಲ್ಲಿ ಇಂಥವು ಎರಡು ಕೂತಿರುತ್ತವೆ. ಮರ ಕೊಯ್ಯುವ ಉದ್ದ ಗರಗಸವನ್ನು ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬ ಎಳೆಯುತ್ತಾರಲ್ಲ, ಥೇಟ್ ಅದೇ ಕೆಲಸ. ದನಿಯ ಏರಿಕೆಯ ಅರ್ಧವನ್ನು ಒಂದು ಎಳೆದರೆ ಇಳಿಕೆಯ ಅರ್ಧವನ್ನು ಇನ್ನೊಂದು ಎಳೆಯುತ್ತದೆ. ಒಂದು ಜಟ್ಟಿ, ಇನ್ನೊಂದು ಬಡಕಲು ಆಯಿತೋ, ದನಿ ಹರಿದುಹೋಗುತ್ತದೆ. ಆದ್ದರಿಂದ ಮಾವ ನೂರರ ಡಬ್ಬಿ ತರಿಸಿ, ಒಂದೊಂದನ್ನೂ ತಾವೇ ಮಾಡಿಕೊಂಡ ಅಳತೆ ಪೆಟ್ಟಿಗೆಯ ಮೂರು ತೂತಿಗೆ ಸಿಕ್ಕಿಸಿ, ಗೇನ್ ನೋಡಿ, ಸರಿಸಮ ಬಂದ ಎರಡನ್ನು ಜೋಡಿ ಮಾಡಿ, ಸಂಖ್ಯೆ ಬರೆದ ಚೀಟಿಯಲ್ಲಿ ಸುತ್ತಿ ಡ್ರಾಯರಿನಲ್ಲಿಡುತ್ತಿದ್ದರು. ಬಾಯಿ ತೆರೆದರೆ 'ಜೋಡಿ ಹೊಂದ್ಬೇಕು ಕಣ್ರೀ, ಜೋಡಿ' ಅನ್ನುವುದೇ. ಅಳಿಯ ಬಂದು ಮಾವ ಮಾವ ಎಂದು ಕರೆಯತೊಡಗಿದ್ದೇ ಬೀದಿಗೆಲ್ಲ ಅವರು ಜೋಡಿ ಮಾವನಾಗಿಬಿಟ್ಟರು. ಮಗಳು ಆಗಾಗ ಕಾಲೆಳೆಯುವುದಿತ್ತು: "ನಂಗೆ ಗಂಡು ನೋಡೋವಾಗ ಮಾತ್ರ ಅಪ್ಪ ಮೀಟರ್ ಇಡ್ಲೇ ಇಲ್ಲ."

ಆ ಅಳಿಯ ಮೊದಲು ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿತು. ಎರಡು ವರ್ಷದಿಂದ ಮಾವನ ಅಂಗಡಿಯಲ್ಲೇ ಬೆಸುಗೆ ಹಾಕುತ್ತಿದ್ದ. ಮಾತು ಕಡಿಮೆ, ಕೆಲಸ ಚೊಕ್ಕ. ಡ್ರಾಯರಿಗೆ ಎರಡು ಬೀಗದ ಕೈ. ಒಂದು ಮಾವನ ಹತ್ತಿರ, ಇನ್ನೊಂದು ಅವನ ಹತ್ತಿರ.

ಸರಿ, ಆ ಸೋಮವಾರ. ಶಾಲೆಯೊಂದರ ಸಭಾಂಗಣದಿಂದ ಪೆಟ್ಟಿಗೆ ವಾಪಸು ಬಂತು. ದನಿ ಏರಿಸಿದರೆ ಹರಿದ ಬಟ್ಟೆಯ ಹಾಗೆ ಬರಬರ ಅನ್ನುತ್ತದೆ ಎಂದರು. ಮಾವನ ಕಸುಬಿನ ಜೀವಮಾನದಲ್ಲಿ ಹೀಗಾಗಿ ವಾಪಸು ಬಂದದ್ದು ಇದೇ ಮೊದಲು. ಬಿಚ್ಚಿ, ಆ ಎರಡನ್ನು ಕಿತ್ತು, ಒಂದನ್ನು ಅಳತೆ ಪೆಟ್ಟಿಗೆಗೆ ಚುಚ್ಚಿ ಅಲ್ಲೇ ಬಿಟ್ಟು ಮುಚ್ಚಳದ ಒಳಗೆ ಅಂಟಿಸಿದ್ದ ಚೀಟಿ ಹುಡುಕಲು ಹೋದರು. ಚೀಟಿಯಲ್ಲಿ ಅವರದೇ ಅಕ್ಷರ: ನೂರ ಹದಿನಾರು, ನೂರ ಹದಿನಾರು. ತಿರುಗಿ ಬಂದು ನೋಡಿದರೆ ನೂರ ಹನ್ನೊಂದು, ಇನ್ನೊಂದನ್ನೂ ಹಾಗೆಯೇ ಚುಚ್ಚಿಟ್ಟು ನೋಡಿದರೆ ತೊಂಬತ್ತೇಳು.

ನಾನು ಇಟ್ಟದ್ದು ಇದಲ್ಲ. ಯಾರೋ ಬದಲಾಯಿಸಿದ್ದಾರೆ!

ಯಾರೋ ಎಂದರೆ ಯಾರು? ಬೀಗದ ಕೈ ಇರುವುದು ಇಬ್ಬರ ಹತ್ತಿರ. ಆಗ ಗೋಡೆಯ ಗಡಿಯಾರದಲ್ಲಿ ಹನ್ನೆರಡೂಕಾಲು.

ಅಳಿಯ ಊಟಕ್ಕೆ ಮನೆಗೆ ಹೋಗಿದ್ದ. ಮಾವ ಅಂಗಡಿಯ ಷಟರನ್ನು ಸೊಂಟದ ಮಟ್ಟಕ್ಕೆ ಎಳೆದರು. ದೀಪ ಹಾಕಿದರೆ ಹೊರಗೆ ಕಾಣುತ್ತದೆ ಎಂದು ಮೇಜಿನ ದೀಪವನ್ನೂ ಹಾಕಲಿಲ್ಲ. ಡ್ರಾಯರು ತೆರೆದು ಹತ್ತು ಪೊಟ್ಟಣ ಹೊರಗೆಳೆದರು. ಕಳ್ಳನ ಬೆರಳಚ್ಚು ಅಳಿಸಿಹೋಗಬಾರದಲ್ಲ! ಅದಕ್ಕೆ ಎಲ್ಲೋ ಮೂಲೆಗೆ ಬಿದ್ದಿದ್ದ ಚಿಮುಟ ಹುಡುಕಿ ತೆಗೆದರು. ಚಿಮುಟ ಬಳಸುವುದನ್ನು ಮಾವ ಬಿಟ್ಟು ಆರು ತಿಂಗಳಾಗಿತ್ತು. ಕೇಳಿದವರಿಗೆ, "ಚಿಮುಟ ಎಲ್ಲ ಕಲಿಯೋರಿಗೆ. ನನ್ನ ಬೆರಳಿಗಿಂತ ಬೇಕಾ?" ಎನ್ನುತ್ತಿದ್ದರು. ಈಗ ಚಿಮುಟದಲ್ಲಿ ಹಿಡಿದದ್ದು ಎರಡು ಸಲ ಜಾರಿ ನೆಲಕ್ಕೆ ಬಿತ್ತು. ಮೊಣಕಾಲೂರಿ ಹುಡುಕಿ, ಶಪಿಸುತ್ತ, ಎರಡೂ ಕೈಯಲ್ಲಿ ಚಿಮುಟ ಹಿಡಿದು ಅಂತೂ ಇಪ್ಪತ್ತನ್ನೂ ಅಳೆದರು.

ಒಂದರ ಸಂಖ್ಯೆಯೂ ಚೀಟಿಗೆ ತಾಳೆಯಾಗಲಿಲ್ಲ. ಚೀಟಿಯಲ್ಲಿ ನೂರ ಇಪ್ಪತ್ತಿದ್ದರೆ ಅಳತೆ ಪೆಟ್ಟಿಗೆಯಲ್ಲಿ ನೂರ ಐದು. ಚೀಟಿಯಲ್ಲಿ ನೂರ ಹನ್ನೆರಡಿದ್ದರೆ ತೊಂಬತ್ತೊಂಬತ್ತು. ಎಲ್ಲ ಕಡಿಮೆ. ಹಾಗಂತ ಜೋಡಿ ಕೆಟ್ಟಿರಲಿಲ್ಲ. ನೂರ ಐದರ ಜೊತೆ ನೂರ ಐದೇ ಇತ್ತು, ತೊಂಬತ್ತೊಂಬತ್ತರ ಜೊತೆ ತೊಂಬತ್ತೊಂಬತ್ತೇ. ಇದನ್ನು ಮಾವ ನೋಡಲಿಲ್ಲ ಅನ್ನಬೇಡಿ, ನೋಡಿದರು. ನೋಡಿ ಏನೆಂದುಕೊಂಡರು ಗೊತ್ತೇ? ಎಂಥ ಖದೀಮ! ಕಳಪೆ ಮಾಲು ತಂದಿಡುವಾಗಲೂ ಜೋಡಿ ನೋಡಿಯೇ ಇಟ್ಟಿದ್ದಾನೆ, ನಾನೇ ಕಲಿಸಿದ ವಿದ್ಯೆ!

ಅನುಮಾನ ಹೊಕ್ಕ ತಲೆ ಹೀಗೆಯೇ ನೋಡಿ. ಕಣ್ಣೆದುರು ಇದ್ದದ್ದೆಲ್ಲ ಅದಕ್ಕೆ ಸಾಕ್ಷಿಯೇ.

ಊಟ ಮುಗಿಸಿ ಅಳಿಯ ಬಂದ. ಷಟರು ಅರ್ಧ ಇಳಿದದ್ದು ನೋಡಿ, "ಯಾಕೆ ಮಾವ, ಹುಷಾರಿಲ್ವಾ?" ಎಂದ.

"ಏನಿಲ್ಲ ಅಳಿಯಂದ್ರೇ, ಬಿಸಿಲು ಹೊಡೀತಿತ್ತು," ಎಂದರು ಮಾವ ನಗುತ್ತ.

ಮಾತಾಡಿಬಿಡಬಹುದಿತ್ತು. ಬೇರೆ ಯಾರೇ ಆಗಿದ್ದರೂ ಮಾವ ಕತ್ತಿನ ಪಟ್ಟಿ ಹಿಡಿದು ಬೀದಿಗೆ ನೂಕುತ್ತಿದ್ದರು, ಅವರ ಕೋಪ ಮೂಗಿನ ತುದಿಯಲ್ಲೇ. ಆದರೆ ಇವನು ಅಳಿಯ. ಇವನನ್ನು ಕಳ್ಳ ಎಂದರೆ ಇವನು ಅಂಗಡಿ ಬಿಡುತ್ತಾನೆ, ಮಗಳು ಗಂಡನ ಕಡೆ ನಿಲ್ಲಬೇಕೋ ಅಪ್ಪನ ಕಡೆಯೋ ಎಂದು ನಡುವೆ ಸಿಕ್ಕಿ ನಲುಗುತ್ತಾಳೆ. ಹೆಂಡತಿ ತೀರಿಕೊಂಡ ಮೇಲೆ ಮಾವನಿಗೆ ಈ ಭೂಮಿಯ ಮೇಲೆ ಇದ್ದವಳು ಅವಳೊಬ್ಬಳೇ. ಸುಮ್ಮನಿದ್ದರೋ, ಮೂವತ್ತೈದು ವರ್ಷದ ಹೆಸರು ಒಂದೊಂದು ಪೆಟ್ಟಿಗೆಯಾಗಿ ವಾಪಸು ಬರುತ್ತದೆ. ಪುರಾವೆ ಕೈಯಲ್ಲಿಲ್ಲದೆ ಬಾಯಿ ಬಿಡಬಾರದು ಎಂದು ನಿಶ್ಚಯಿಸಿದರು.

ಅಲ್ಲಿಂದ ಮೂರು ವಾರ ಅಳಿಯನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಕಂಡದ್ದೆಲ್ಲ ಕೆಟ್ಟದ್ದೇ. ಅಳಿಯನ ಅಂಗಿಯ ಜೇಬಿನಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಪೊಟ್ಟಣವೊಂದು ಇರುತ್ತಿತ್ತು. ಮಾವ ಒಳಗೆ ಕಾಲಿಟ್ಟರೆ ಡ್ರಾಯರು ಟಪ್ ಎಂದು ಮುಚ್ಚಿಕೊಳ್ಳುತ್ತಿತ್ತು. ಎದುರಿನ ದರ್ಜಿ, ಪಾಪ ಒಳ್ಳೆಯವನೇ, ಆದರೆ ನಾಲಿಗೆಗೆ ಗುಂಡಿ ಹಾಕಿಕೊಳ್ಳಲು ಬಾರದವನು, ಒಂದು ದಿನ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದ:

"ಏನ್ ಮಾವ, ಕೆಲ್ಸ ಜೋರಾ? ನಿಮ್ಮ ಅಳಿಯ ಬೆಳಿಗ್ಗೆ ಏಳಕ್ಕೇ ಬಂದ್ಬಿಡ್ತಾರೆ."

"ಏಳಕ್ಕಾ?"

"ಹೂಂ, ತಿಂಗಳುಗಟ್ಲೆ ಆಯ್ತಲ್ಲ. ನೀವು ಬರೋಕೆ ಮುಂಚೆ ಷಟರು ಮತ್ತೆ ಇಳಿಸ್ಕೊಂಡು ಹೋಗಿ, ನೀವು ಬಂದ್ಮೇಲೆ ಆಗ್ತಾನೆ ಬಂದೋರ ಹಾಗೆ ಬರ್ತಾರೆ. ನಿಮ್ಗೆ ಗೊತ್ತಿಲ್ವಾ?"

"ಗೊತ್ತು, ಗೊತ್ತು. ನಾನೇ ಹೇಳಿದ್ದು," ಎಂದರು ಮಾವ. ಮನೆಯ ಮರ್ಯಾದೆ ದರ್ಜಿಯ ಮುಂದೆ ಬಿಚ್ಚಿಡಲಿಕ್ಕಾಗುತ್ತದೆಯೇ? ಅಂಗಡಿಯೊಳಗೆ ಬಂದು ಸ್ಟೂಲಿನ ಮೇಲೆ ಕುಕ್ಕರಿಸಿದರು.

ಮಾರನೆಯ ದಿನ ಬಲೆ ಹೆಣೆದರು. ಹೊಸ ಡಬ್ಬಿ ಒಡೆದು, ಎಂದಿನಂತೆ ದೀಪದಡಿ ಕೂತು, ಹತ್ತು ಜೋಡಿ ಅಳೆದು ಕಟ್ಟಿದರು. ಈ ಸಲ ಕಟ್ಟುವ ಮುಂಚೆ ಸೂಜಿಯಿಂದ ಒಂದೊಂದರ ಬೆನ್ನಿನ ಲೋಹದ ಮೇಲೆ ಗೀರು ಹಾಕಿದರು. ಮೊದಲ ಜೋಡಿಗೆ ಒಂದೊಂದು ಗೀರು, ಎರಡನೆಯದಕ್ಕೆ ಎರಡೆರಡು, ಹೀಗೆ ಹತ್ತರವರೆಗೆ. ಹುಡುಕಿದವರಿಗಷ್ಟೇ ಕಾಣುವಂಥ ಗೀರು. ಇಡೀ ಮಧ್ಯಾಹ್ನ ಹಿಡಿಯಿತು. ಕಣ್ಣು ನೀರೂರಿ, ಬೆರಳು ಮರಗಟ್ಟಿ, ಕೊನೆಗೆ ಡ್ರಾಯರಿಗೆ ಬೀಗ ಹಾಕುವಾಗ, ಈಗ ತಪ್ಪಿಸಿಕೋ ನೋಡೋಣ ಎಂದು ಹಲ್ಲು ಕಚ್ಚಿದರು.

ಮರುದಿನ ಏಳಕ್ಕೆ ಮುಂಚೆ ಬಂದು ದರ್ಜಿಯ ಕಟ್ಟೆಯ ಕಂಬದ ಹಿಂದೆ ನಿಂತರು. ಅರವತ್ತು ದಾಟಿದ ಮನುಷ್ಯ, ಸ್ವಂತ ಅಂಗಡಿಯನ್ನು ಕಂಬದ ಮರೆಯಿಂದ ಇಣುಕುವುದು! ಅಳಿಯ ಬಂದ, ಷಟರೆತ್ತಿದ, ಒಳಗೆ ಹೋದ. ಕಿಟಕಿಯ ಗಾಜಿನಲ್ಲಿ ಅವನ ಬಾಗಿದ ಬೆನ್ನು ಕಂಡಿತು. ಜೇಬಿನ ಪೊಟ್ಟಣ ಬಿಚ್ಚಿದ್ದೂ ಕಂಡಿತು. ಏನು ಮಾಡುತ್ತಿದ್ದಾನೆ ಎಂಬುದು ಮಾತ್ರ ಬೆನ್ನಿನ ಮರೆಯಾಯಿತು. ಮುಕ್ಕಾಲು ಗಂಟೆಯ ಮೇಲೆ ಷಟರೆಳೆದು ಹೊರಟುಹೋದ.

ಮಾವ ಓಡಿದಂತೆ ಒಳಗೆ ನುಗ್ಗಿ ಪೊಟ್ಟಣ ಬಿಚ್ಚಿದರು. ಒಂದು ಗೀರಿನದು ನಾಲ್ಕು ಗೀರಿನದರ ಜೊತೆ. ಎರಡು ಗೀರಿನದು ಒಂಬತ್ತರ ಜೊತೆ. ಏಳರ ಜೊತೆ ಐದು. ಅದಲುಬದಲು, ಎಲ್ಲ ಅದಲುಬದಲು! ಇಪ್ಪತ್ತೂ ಲೆಕ್ಕಕ್ಕೆ ಸರಿಯಾಗಿದ್ದವು, ಒಂದೂ ಕಡಿಮೆಯಾಗಿರಲಿಲ್ಲ. ಅದಕ್ಕೂ ಮಾವನ ಹತ್ತಿರ ಉತ್ತರವಿತ್ತು. ಇವತ್ತು ಕಲಸಿಟ್ಟಿದ್ದಾನೆ, ನಾಳೆ ಎತ್ತುತ್ತಾನೆ.

ನಾಳೆಯವರೆಗೆ ತಡೆಯುವ ತ್ರಾಣ ಅವರಲ್ಲಿ ಉಳಿದಿರಲಿಲ್ಲ.

ಆವತ್ತು ಮಗಳಿಗೆ ರಜೆ. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಅವಳ ಕೆಲಸ. ರಜೆಯ ದಿನ ಇಬ್ಬರಿಗೂ ಊಟದ ಡಬ್ಬಿ ತಂದು ಅಂಗಡಿಯಲ್ಲೇ ಬಡಿಸುತ್ತಿದ್ದಳು. ಅವಳು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಾಗ ಮಾವ ಎದ್ದು ನಿಂತರು.

"ಅಳಿಯಂದ್ರೇ, ಊಟಕ್ಕೆ ಮುಂಚೆ ಒಂದ್ಮಾತು. ಬೆಳಿಗ್ಗೆ ಏಳಕ್ಕೆ ಇಲ್ಲಿ ನಿಮಗೇನು ಕೆಲಸ?"

ಅಳಿಯ ಹೆಂಡತಿಯ ಮುಖ ನೋಡಿದ. ಅವಳು ಇವನ ಮುಖ ನೋಡಿದಳು. ಆ ನೋಟವನ್ನು ಮಾವ ಕಂಡರು. ಅಂದರೆ ಇವಳಿಗೂ ಗೊತ್ತು! ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೂ ಸೇರಿಕೊಂಡಿದ್ದಾಳೆ!

"ನನ್ನ ಡ್ರಾಯರಿಂದ ಒಳ್ಳೇ ಮಾಲು ಎತ್ತಿ ಕಳಪೆ ತುಂಬ್ತಿದೀರಿ. ಶಾಲೆ ಪೆಟ್ಟಿಗೆ ವಾಪಸ್ ಬಂದಿದ್ದು ಅದಕ್ಕೆ. ಇಲ್ಲ ಅಂತ ಬೇರೆ ಹೇಳ್ಬೇಡಿ, ಗೀರು ಹಾಕಿಟ್ಟಿದ್ದೆ. ಕಳ್ಳತನ ಮಾಡೋದಕ್ಕೆ ನಿಮಗೆ ನಮ್ಮನೇನೇ ಬೇಕಿತ್ತಾ?"

"ಅಪ್ಪಾ!" ಎಂದಳು ಮಗಳು. ಅವಳ ಕೈಯಲ್ಲಿದ್ದ ಮುಚ್ಚಳ ಕೆಳಗೆ ಬಿತ್ತು.

ಅಳಿಯ ತನ್ನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ಶಾಲೆ ಪೆಟ್ಟಿಗೆ ಕಟ್ಟಿದ ವಾರ ನಂಗೆ ಜ್ವರ ಮಾವ," ಎಂದ. "ಎಂಟು ದಿನ ನಾನು ಅಂಗಡಿಗೇ ಬಂದಿಲ್ಲ. ಅದು ನೀವೇ ಅಳೆದು ನೀವೇ ಹಾಕಿದ ಜೋಡಿ."

ಹೌದು. ಜ್ವರ. ಮಗಳು ಮಾತ್ರೆ ತಂದದ್ದೂ ನೆನಪಾಯಿತು.

ಅಳಿಯ ಜೇಬಿನಿಂದ ಬಟ್ಟೆಯ ಪೊಟ್ಟಣ ತೆಗೆದು ಬಿಚ್ಚಿದ. ಒಳಗಿದ್ದದ್ದು ಒಂದು ಹೊಸ ಚಿಮುಟ. ಡ್ರಾಯರಿನಿಂದ ಪೊಟ್ಟಣವೊಂದನ್ನು ತೆಗೆದು, ಅದರಲ್ಲಿ ಬೆಳಿಗ್ಗೆ ತಾನು ಜಾಗ ಬದಲಿಸದೆ ಬಿಟ್ಟಿದ್ದ ಟ್ರಾನ್ಸಿಸ್ಟರನ್ನು ಚಿಮುಟದಲ್ಲಿ ಹಿಡಿದು ಅಳತೆ ಪೆಟ್ಟಿಗೆಗೆ ಚುಚ್ಚಿದ. ಕೆಂಪು ಅಂಕಿ ಹೊತ್ತಿತು: ನೂರ ನಾಲ್ಕು.

"ಈಗ ನೀವು ದಿನಾ ಹೇಗೆ ಅಳೀತೀರೋ ಹಾಗೆ ಹಿಡ್ಕೊಳ್ಳಿ. ದೀಪಾನೂ ಹಾಗೇ ಎಳ್ಕೊಳ್ಳಿ."

ಮಾವ ಅಭ್ಯಾಸದಂತೆ ಮೇಜಿನ ದೀಪ ಹಾಕಿ, ಉರಿಯುವ ಬಲ್ಬನ್ನು ಗೇಣಿನಷ್ಟು ಹತ್ತಿರ ಎಳೆದುಕೊಂಡರು. ಎರಡು ಬೆರಳಲ್ಲಿ ಟ್ರಾನ್ಸಿಸ್ಟರನ್ನು ಒತ್ತಿ ಹಿಡಿದರು. ಅಂಕಿ ಹಂದಾಡಿತು. ನೂರ ಆರು. ನೂರ ಒಂಬತ್ತು. ನೂರ ಹದಿಮೂರು. ನೂರ ಹದಿನೆಂಟಕ್ಕೆ ಬಂದು ನಿಂತಿತು.

"ಚೀಟೀಲಿ ಎಷ್ಟಿದೆ ಮಾವ?"

ಚೀಟಿಯಲ್ಲಿ ನೂರ ಹದಿನೆಂಟಿತ್ತು.

"ಕೈ ಬಿಡಿ, ದೀಪ ಆರ್ಸಿ."

ಅಂಕಿ ಮೆಲ್ಲಗೆ ಇಳಿಯತೊಡಗಿತು. ಮಾವ ಅದು ಇಳಿಯುವುದನ್ನೇ ನೋಡುತ್ತ ಕೂತರು. ಈ ಅಳಿಯ ಕೆಲಸಕ್ಕೆ ಬಂದ ಮೊದಲ ದಿನ ಅವನನ್ನು ಇದೇ ಮೇಜಿನ ಮುಂದೆ ಕೂರಿಸಿ ಪಾಠ ಹೇಳಿದ್ದವರು ಅವರೇ: ಬಿಸಿಯಾದ ಟ್ರಾನ್ಸಿಸ್ಟರ್ ಜಾಸ್ತಿ ಕರೆಂಟ್ ಬಿಡುತ್ತದೆ, ಜಾಸ್ತಿ ಬಿಟ್ಟಷ್ಟೂ ಇನ್ನೂ ಬಿಸಿಯಾಗುತ್ತದೆ, ತಡೆಯುವವರಿಲ್ಲದಿದ್ದರೆ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ, ಅದಕ್ಕೇ ಅಳೆಯುವಾಗ ಬರಿಗೈಯಲ್ಲಿ ಮುಟ್ಟಬೇಡಿ. ಕಸುಬಿನ ಮೊದಲನೆಯ ಪಾಠ. ಅದನ್ನು ಅವರು ಮರೆತಿರಲಿಲ್ಲ. ಆದರೆ ಚಿಮುಟ ಹಿಡಿದರೆ ಕೈ ನಡುಗಿ ಜಾರುತ್ತಿತ್ತು. ಮೂರು ತೂತು ಕಣ್ಣಿಗೆ ಮಂಜುಮಂಜಾಗುತ್ತಿತ್ತು. ಒಂದನ್ನು ಸಿಕ್ಕಿಸಲು ಅರ್ಧ ನಿಮಿಷ, ಇನ್ನೊಂದಕ್ಕೆ ಎರಡು ನಿಮಿಷ, ಅಷ್ಟು ಹೊತ್ತೂ ಬೆರಳ ಕಾವು, ದೀಪದ ಕಾವು. ಸ್ವಲ್ಪ ಬಿಸಿಗೆ ಏನಾಗಿಬಿಡುತ್ತದೆ ಎಂದು ತಮಗೆ ತಾವೇ ಸುಳ್ಳು ಹೇಳಿಕೊಂಡು ಆರು ತಿಂಗಳು ದೂಡಿದ್ದರು.

"ನಾನೇ ಹೇಳಿದ್ದು ಅಪ್ಪ," ಎಂದಳು ಮಗಳು. ಕಣ್ಣು ತುಂಬಿತ್ತು. "ನೀರಿನ ಲೋಟ ಹಿಡಿಯೋವಾಗ ನಿನ್ನ ಕೈ ನೋಡ್ದೆ. ಕೇಳಿದ್ರೆ ನೀನು ಒಪ್ತಿರ್ಲಿಲ್ಲ. ಅದಕ್ಕೆ ಇವ್ರಿಗೆ ಹೇಳ್ದೆ, ಅಪ್ಪಂಗೆ ಗೊತ್ತಾಗದ ಹಾಗೆ ದಿನಾ ಒಂದ್ಸಲ ಅಳೆದು ಸರಿ ಮಾಡಿಡಿ ಅಂತ. ಚೀಟಿ ತಿದ್ದಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಚೀಟಿ ಹಾಗೇ ಬಿಟ್ರು."

ಮಾವ ತಲೆ ಎತ್ತಲಿಲ್ಲ. "ತಪ್ಪಾಯ್ತು," ಎಂದರು.

ಅಳಿಯ ಚಿಮುಟವನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಡ್ರಾಯರಿನ ಬೀಗದ ಕೈಯನ್ನು ಉಂಗುರದಿಂದ ಬಿಡಿಸಿ ಮೇಜಿನ ಮೇಲಿಟ್ಟ.

"ಕಳ್ಳ ಅಂದಿದ್ದಕ್ಕಲ್ಲ ಮಾವ. ಕೋಪದಲ್ಲಿ ಯಾರಾದ್ರೂ ಅಂತಾರೆ, ಮರೆತ್ಬಿಡಬಹುದು. ಮೂರು ವಾರ ನನ್ನೆದುರಿಗೇ ಕೂತು, ಅಳಿಯಂದ್ರೇ ಅಳಿಯಂದ್ರೇ ಅಂತ ನಗ್ತಾ ಮಾತಾಡಿದ್ರಿ. ಆ ನಗೂನೆಲ್ಲ ಈಗ ಕೂತು ಲೆಕ್ಕ ಹಾಕ್ತಿದೀನಿ. ಅದು ನನ್ ಕೈಲಿ ಆಗ್ತಿಲ್ಲ."

ಅಷ್ಟು ಹೇಳಿ ಹೊರಟುಹೋದ. ಮಗಳು ಬಿದ್ದ ಮುಚ್ಚಳ ಎತ್ತಿ, ಒರೆಸಿ, ಅಪ್ಪನ ಡಬ್ಬಿಯನ್ನು ಅಪ್ಪನ ಮುಂದಿಟ್ಟು, ಗಂಡನ ಡಬ್ಬಿಯನ್ನು ಎತ್ತಿಕೊಂಡು ಅವನ ಹಿಂದೆ ಹೋದಳು.

ಮಾರನೆಯ ದಿನದಿಂದ ಮಾವ ಒಬ್ಬರೇ. ಬೆಸುಗೆ ಹಾಕಲು ಹೋದರೆ ಸೀಸ ಬೇಡದ ಕಡೆ ಹನಿಯುತ್ತಿತ್ತು. ಚಿಮುಟ ಹಿಡಿದು ಹಟ ಮಾಡಿದರು, ಒಂದು ಬೆಳಗ್ಗೆ ಮೂರು ಟ್ರಾನ್ಸಿಸ್ಟರ್ ಅಳೆಯುವಷ್ಟರಲ್ಲಿ ಬೆನ್ನು ಬೆವತುಹೋಯಿತು. ದರ್ಜಿ ಬಂದು, "ಅಳಿಯ ಎಲ್ಲಿ ಕಾಣ್ತಿಲ್ಲ?" ಎಂದು ಕೇಳಿದ. "ನಾನೇ ಓಡಿಸ್ದೆ," ಎಂದರು ಮಾವ. ದರ್ಜಿ ತಮಾಷೆ ಎಂದುಕೊಂಡು ನಗುತ್ತ ಹೋದ.

ಐದನೆಯ ದಿನ ಮಾವ ಒಡೆಯದ ಡಬ್ಬಿಯನ್ನೂ ಅಳತೆ ಪೆಟ್ಟಿಗೆಯನ್ನೂ ಚೀಲದಲ್ಲಿ ಹಾಕಿಕೊಂಡು ಮಗಳ ಮನೆಯ ಮೆಟ್ಟಿಲು ಹತ್ತಿದರು. ಬಾಗಿಲು ತೆರೆದವನು ಅಳಿಯನೇ. ಮಾವ ಚೀಲವನ್ನು ಕೆಳಗಿಟ್ಟು, ಎರಡೂ ಕೈಯನ್ನು ಮುಂದೆ ಚಾಚಿದರು. ನಡುಗುತ್ತಿದ್ದವು. ಆರು ತಿಂಗಳು ಜೇಬಿನಲ್ಲಿ, ಮೇಜಿನ ಕೆಳಗೆ, ಬೆನ್ನ ಹಿಂದೆ ಬಚ್ಚಿಟ್ಟ ಕೈಗಳು.

"ನೋಡಿ. ಇವು ಇನ್ನು ಕೆಲಸಕ್ಕೆ ಬರಲ್ಲ. ನಂಗೆ ಮೊದ್ಲೇ ಗೊತ್ತಿತ್ತು. ಹೇಳೋಕೆ ನಾಚಿಕೆ ಆಯ್ತು, ಅದಕ್ಕೆ ಕಳ್ಳನ್ನ ಹುಡುಕ್ದೆ. ನೀವು ಬನ್ನಿ ಅಂತ ಕೇಳೋ ಮುಖ ನಂಗಿಲ್ಲ."

ಅಳಿಯ ಆ ಕೈಗಳನ್ನು ನೋಡಿದ. ಒಳಗಿನಿಂದ ಮಗಳು ಬಂದು ಗೋಡೆಗೊರಗಿ ನಿಂತಳು.

"ಅಳೆದುಕೊಡ್ತೀನಿ," ಎಂದ ಅಳಿಯ ಕೊನೆಗೆ. "ಇಲ್ಲೇ ಮನೇಲಿ. ಆ ಅಂಗಡಿ ಒಳಗೆ ಮಾತ್ರ ಕಾಲಿಡಲ್ಲ."

ಈಗ ಪ್ರತಿ ಗುರುವಾರ ಸಂಜೆ ಮಾವ ಆ ಮನೆಯ ಮುಂದಿನ ಕೋಣೆಯಲ್ಲಿ ಕೂರುತ್ತಾರೆ. ಅಳಿಯ ಚಿಮುಟದಲ್ಲಿ ಒಂದೊಂದನ್ನೇ ಎತ್ತಿ ಚುಚ್ಚಿ, ಅಂಕಿ ನಿಲ್ಲುವವರೆಗೆ ಕಾದು, ಓದಿ ಹೇಳುತ್ತಾನೆ. "ನೂರ ಮೂರು." ಮಾವ ಚೀಟಿಯಲ್ಲಿ ಬರೆದುಕೊಂಡು, "ಆಯ್ತು," ಎನ್ನುತ್ತಾರೆ. "ತೊಂಬತ್ತೆಂಟು." "ಆಯ್ತು." ಇಬ್ಬರ ನಡುವೆ ಇವತ್ತಿಗೂ ಅಷ್ಟೇ ಮಾತು. ಮಗಳು ನೀರು ತಂದಿಡುತ್ತಾಳೆ, ಲೋಟದಲ್ಲಿ ಅರ್ಧ ಮಾತ್ರ. ನೂರೂ ಮುಗಿದ ಮೇಲೆ ಮಾವ ಚೀಟಿಗಳನ್ನು ಅಳಿಯನ ಕಡೆ ಸರಿಸುತ್ತಾರೆ. ಅಳಿಯ ಒಂದೊಂದನ್ನೂ ಬೆಳಕಿಗೆ ಹಿಡಿದು, ಮಾವ ಬರೆದದ್ದು ಸರಿಯಾಗಿದೆಯೇ ಎಂದು ಓದಿ ನೋಡಿಯೇ ಮಡಚುತ್ತಾನೆ. ಅವನು ಓದಿ ಮುಗಿಸುವವರೆಗೆ ಮಾವ ಕಿಟಕಿಯ ಕಡೆ ನೋಡುತ್ತ ಕೂತಿರುತ್ತಾರೆ.